ಪದ್ಮಿನಿ ಇಲ್ಲದ ಮಂಗಳವಾರ

ಅರಳುಕೆರೆಯ ಹಳೇ ತಾಲ್ಲೂಕು ಬೋರ್ಡ್ ಶಾಲೆಯ ಮೂರನೇ ಕೋಣೆಗೆ ಹೋಲಿಕೆ ಯಂತ್ರ ಬಂದಿಳಿದದ್ದು ವಿಧಾನಸಭೆ ಚುನಾವಣೆಗೆ ಇನ್ನು ನಲವತ್ತು ದಿನ ಇರುವಾಗ. ನೋಡಲು ಅಂಥದ್ದೇನೂ ಇರಲಿಲ್ಲ. ಬೀರುವಿನಷ್ಟು ಎತ್ತರದ ಬೂದು ಬಣ್ಣದ ಪೆಟ್ಟಿಗೆ, ಹೆಬ್ಬೆಟ್ಟು ಇಡಲು ಗಾಜಿನ ಒಂದು ಚೌಕ, ಮಾತು ಕೇಳಿಸಲು ಎರಡು ಸ್ಪೀಕರ್, ಅಷ್ಟೆ. ಜನ ಅದಕ್ಕೆ ನಾಳೆಪೆಟ್ಟಿಗೆ ಎಂದು ಹೆಸರಿಟ್ಟರು.

ಮತದಾರರು ಹೆಬ್ಬೆಟ್ಟು ಒತ್ತಿದರೆ ಅವರ ಮನೆಯ ವಿವರವೆಲ್ಲ ಒಂದು ಕಡೆ ಬಂದು ಕೂಡುತ್ತಿತ್ತು. ಪಡಿತರ ಚೀಟಿ, ಕಾರ್ಖಾನೆಯ ಹಾಜರಿ, ಆಸ್ಪತ್ರೆಯ ಕಾಗದ, ಮಕ್ಕಳ ಶಾಲೆ, ಬಸ್ಸಿನ ವೇಳೆ. ಇನ್ನೊಂದು ಕಡೆ ಅಭ್ಯರ್ಥಿಗಳು: ಹಿಂದೆ ಯಾವುದಕ್ಕೆ ಕೈ ಎತ್ತಿದ್ದರು, ಯಾವುದು ಬಂದಾಗ ಸಭೆಯಿಂದ ಎದ್ದು ಹೋಗಿದ್ದರು, ಯಾರ ಜೊತೆ ಒಡನಾಟ, ಈಗ ಹೇಳುತ್ತಿರುವುದೇನು. ಇವೆರಡನ್ನೂ ಇಟ್ಟುಕೊಂಡು ಯಂತ್ರ ಆ ಒಂದು ಮನೆಯ ಮುಂದಿನ ಐದು ವರ್ಷವನ್ನು ತನ್ನೊಳಗೇ ಲಕ್ಷ ಸಲ ನಡೆಸುತ್ತಿತ್ತು. ಹೆಚ್ಚು ಸಲ ಬಂದದ್ದನ್ನು ಆಯ್ದು, ಐದು ವರ್ಷದ ನಂತರದ ಒಂದು ಸಾಧಾರಣ ಮಂಗಳವಾರವನ್ನು, ಕೋಳಿ ಕೂಗುವ ಹೊತ್ತಿನಿಂದ ಮಲಗುವ ತನಕ, ಓದಿ ಹೇಳುತ್ತಿತ್ತು. ಒಬ್ಬೊಬ್ಬ ಅಭ್ಯರ್ಥಿ ಗೆದ್ದರೆ ಒಂದೊಂದು ಮಂಗಳವಾರ. ಇಂಥವರಿಗೇ ಹಾಕಿ ಎಂದು ಅದು ಹೇಳುತ್ತಿರಲಿಲ್ಲ. ಮಾತಿನ ಮಳೆಗಿಂತ ಇದು ವಾಸಿ, ದುಡಿದು ತಿನ್ನುವ ಜನ ತಮ್ಮ ಮನೆಯನ್ನೇ ನೋಡಿ ಓಟು ಹಾಕಲಿ ಎಂದು ಮತದಾರರ ಹೋಲಿಕೆ ಮಂಡಳಿಯವರು ಮಾಡಿದ ಏರ್ಪಾಡು ಅದು.

ಆ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಯಂತ್ರ ನಡೆಸುವ ಕೆಲಸ ತೇಜಾವತಿಯದು. ವಯಸ್ಸು ಮೂವತ್ತೆಂಟು. ಹನ್ನೊಂದು ವರ್ಷ ಊರಿನ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದು, ಕತ್ತು ಹಿಡಿದುಕೊಂಡ ಮೇಲೆ ಬಿಟ್ಟು, ಕಂಪ್ಯೂಟರ್ ಕಲಿತು, ಮಂಡಳಿಯ ಪರೀಕ್ಷೆ ಪಾಸು ಮಾಡಿದವಳು. ಮದುವೆ ಆಗಿರಲಿಲ್ಲ. ತಾಯಿ ತೀರಿಕೊಂಡಾಗ ತಂಗಿ ಪದ್ಮಿನಿಗೆ ಒಂಬತ್ತು ವರ್ಷ. ಆ ತಂಗಿಯನ್ನು ಸಾಕಿ, ಓದಿಸಿ, ದಡ ಮುಟ್ಟಿಸುವುದರೊಳಗೆ ತನ್ನ ಮದುವೆಯ ವಯಸ್ಸು ಯಾವಾಗ ಕಳೆಯಿತೋ ಅವಳಿಗೇ ತಿಳಿಯಲಿಲ್ಲ.

ಕ್ಷೇತ್ರದಲ್ಲಿ ಲೆಕ್ಕಕ್ಕೆ ಬರುವವರು ಮೂವರು. ಹಾಲಿ ಶಾಸಕ ಹೊಂಬಾಳೇಗೌಡರು. ಅವರು ಗೆದ್ದರೆ ಇನ್ನೊಂದು ಗಾರ್ಮೆಂಟ್ಸ್ ಬರುತ್ತದೆ, ಆದರೆ ಪಾಳಿ ಹನ್ನೆರಡು ಗಂಟೆ. ಎರಡನೆಯವನು ಪ್ರಭುಶಂಕರ, ಓಡಾಡಲು ಸ್ಕೂಟರ್ ಕೊಡಿಸುವ ಹುಮ್ಮಸ್ಸಿನ ಹುಡುಗ, ಪಾಳಿಯ ವಿಷಯದಲ್ಲಿ ಅವನದೂ ಗೌಡರ ಮಾತೇ. ಮೂರನೆಯವರು ಚಿಕ್ಕತಾಯಮ್ಮ. ಇಪ್ಪತ್ತು ವರ್ಷ ಅದೇ ಗಾರ್ಮೆಂಟ್ಸಿನಲ್ಲಿ ದಾರ ಕತ್ತರಿಸಿದ ಹೆಂಗಸು. ಎಂಟು ಗಂಟೆಗೆ ಮೇಲೆ ಕೆಲಸ ಬೇಡ, ಹಸುಗೂಸುಗಳಿಗೆ ಕಾರ್ಖಾನೆಯಲ್ಲೇ ಜಾಗ ಬೇಕು, ಐದು ಗಂಟೆಗೆ ಬಾಗಿಲು ಹಾಕುವ ಕಾರ್ಮಿಕರ ದವಾಖಾನೆ ಸಂಜೆಯೂ ತೆರೆದಿರಬೇಕು ಎನ್ನುತ್ತಿದ್ದರು. ಅವರು ಗೆದ್ದರೆ ಮಾಲೀಕರು ಎರಡು ಹೊಲಿಗೆ ಲೈನ್ ಎತ್ತಿಕೊಂಡು ಬೇರೆ ಜಿಲ್ಲೆಗೆ ಹೋಗುವ ಸಂಭವ ಹೆಚ್ಚು ಎಂದು ಯಂತ್ರವೇ ಹೇಳುತ್ತಿತ್ತು.

ಮೊದಲ ವಾರ ಕೋಣೆಯ ಮುಂದೆ ಜಾತ್ರೆ. ನಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಮಗಳು ಕಾಲೇಜಿಗೆ ಹೋಗುತ್ತಾಳೋ ಇಲ್ಲವೋ ಎಂದು ಕೇಳಿಕೊಂಡು ಹೋಗುವ ಹೆಂಗಸರು. ಒಬ್ಬಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಲೇ ಹೊರಗೆ ಬಂದಳು.

"ಮೂರು ಮಂಗಳವಾರದಲ್ಲೂ ನನ್ ಗಂಡ ಕುಡ್ಕೊಂಡೇ ಬತ್ತಾನಲ್ಲವ್ವ! ಇದುಕ್ಕೆ ನಾನ್ಯಾಕೆ ಬಿಸ್ಲಲ್ಲಿ ನಿಂತು ಓಟು ಹಾಕಾದು?"

ಬೋರಯ್ಯ ಎಂಬ ಮುದುಕ ಮೂರೂ ಕೇಳಿ ಮುಗಿಸಿ, ತೇಜಾವತಿಯ ಮೇಜಿನ ಮುಂದೆ ನಿಂತು, "ನನ್ ಹೆಸ್ರೇ ಬರ್ಲಿಲ್ಲ ಕಣವ್ವ. ಯಾರ್ ಗೆದ್ರೂ ಅಷ್ಟೇಯ?" ಎಂದ.

"ದಿನದಲ್ಲಿ ನಡೆಯೋದೆಲ್ಲಾನೂ ಹೇಳಲ್ಲ ಅಪ್ಪಾಜಿ, ಮುಖ್ಯವಾದದ್ದು ಮಾತ್ರ," ಎಂದಳು ತೇಜಾವತಿ. ಹಾಗೆ ಹೇಳಬೇಕೆಂದು ತರಬೇತಿಯಲ್ಲಿ ಕಲಿಸಿದ್ದರು. ಸಾವನ್ನು ಯಂತ್ರ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಷ್ಟರೊಳಗೆ ಇಲ್ಲವಾಗುವವರ ಹೆಸರು ಆ ಮಂಗಳವಾರದಲ್ಲಿ ಸುಮ್ಮನೆ ಬರುತ್ತಿರಲಿಲ್ಲ. ನಿರ್ವಾಹಕರೂ ಬಾಯಿ ಬಿಡುವಂತಿರಲಿಲ್ಲ.

ಬೋರಯ್ಯ ನಕ್ಕು, ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಹೋದ. ಅವನಿಗೆ ಎಂಬತ್ತಮೂರು. ತೇಜಾವತಿಗೆ ಅದು ಅಷ್ಟಾಗಿ ನಾಟಲಿಲ್ಲ.

*

ಪದ್ಮಿನಿ ಬಂದದ್ದು ಎರಡನೇ ಭಾನುವಾರ, ವಾರದ ರಜೆಯ ದಿನ. ಗಂಡ ಸಿದ್ದರಾಜು ತನ್ನ ಗೂಡ್ಸ್ ಆಟೋದಲ್ಲೇ ಕರೆತಂದಿದ್ದ. ಏಳು ವರ್ಷದ ಮಗಳು ಇಂಚರ ಇಬ್ಬರ ನಡುವೆ ಕೂತಿದ್ದಳು. ಪದ್ಮಿನಿಗೆ ಇಪ್ಪತ್ತೊಂಬತ್ತು, ಅಕ್ಕ ಬಿಟ್ಟ ಗಾರ್ಮೆಂಟ್ಸಿನಲ್ಲೇ ಕೆಲಸ. ಹನ್ನೊಂದನೇ ವಯಸ್ಸಿನಲ್ಲಿ ಗಂಟಲು ನೋವು ಬಂದು, ಅದು ಕೀಲುಗಳಿಗಿಳಿದು ಜ್ವರವಾಗಿ, ಕೊನೆಗೆ ಹೃದಯದ ಒಂದು ಕವಾಟವನ್ನು ಕೆಡಿಸಿಹೋಗಿತ್ತು. ಮತ್ತೆ ಆ ಜ್ವರ ಮರುಕಳಿಸದಂತೆ ಇಪ್ಪತ್ತೊಂದು ದಿನಕ್ಕೊಮ್ಮೆ ಪೆನ್ಸಿಲಿನ್ ಸೂಜಿ ಹಾಕಿಸಲೇಬೇಕು ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ಅವತ್ತಿನಿಂದ ತೇಜಾವತಿ ಒಂದು ಸೂಜಿಯನ್ನೂ ತಪ್ಪಿಸಲು ಬಿಟ್ಟಿರಲಿಲ್ಲ. ಸೂಜಿಯ ದಿನ ಪದ್ಮಿನಿ ಅರ್ಧ ದಿನ ರಜೆ ಹಾಕಿ ದವಾಖಾನೆಗೆ ಓಡುತ್ತಿದ್ದಳು.

ಮೂವರನ್ನೂ ಬೆಂಚಿನ ಮೇಲೆ ಕೂರಿಸಿ ತೇಜಾವತಿ ಯಂತ್ರ ಚಾಲೂ ಮಾಡಿದಳು. ಅದರ ದನಿ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಹಾಜರಿ ಕೂಗುವ ಮೇಷ್ಟರ ಹಾಗೆ ಏರಿಳಿತವಿಲ್ಲದ್ದು.

"ಹೊಂಬಾಳೇಗೌಡರು ಗೆದ್ದರೆ. ಬೆಳಿಗ್ಗೆ ಐದೂವರೆ. ತಾರಸಿ ಮನೆ, ಎರಡು ಕೋಣೆ. ನಲ್ಲಿ ಮನೆಯೊಳಗಿದೆ. ಸಿದ್ದರಾಜು ಎದ್ದು ಒಲೆ ಹಚ್ಚುತ್ತಾನೆ. ಆರೂವರೆ. ಇಂಚರ ತಲೆ ಬಾಚಿಕೊಂಡು ಡಬ್ಬಿ ಕಟ್ಟಿಕೊಳ್ಳುತ್ತಾಳೆ. ಏಳೂವರೆ. ಇಂಗ್ಲಿಷ್ ಶಾಲೆಯ ವ್ಯಾನ್ ಬರುತ್ತದೆ. ಸಂಜೆ ಐದು. ಇಂಚರ ಬೀಗ ತೆಗೆದು ಒಳಗೆ ಹೋಗುತ್ತಾಳೆ. ಏಳು. ಸಿದ್ದರಾಜು ಬರುತ್ತಾನೆ. ಎಂಟೂವರೆ. ಇಬ್ಬರೂ ಊಟಕ್ಕೆ ಕೂರುತ್ತಾರೆ. ಒಂಬತ್ತೂವರೆ. ಇಬ್ಬರೂ ಮಲಗುತ್ತಾರೆ."

ತೇಜಾವತಿಯ ಕೈ ಕೀಲಿಗಳ ಮೇಲೆ ಹಾಗೇ ನಿಂತಿತು.

ಪದ್ಮಿನಿ ಮಾತ್ರ ಬೆಂಚಿನಿಂದ ಅರ್ಧ ಎದ್ದಿದ್ದಳು. "ತಾರ್ಸಿ ಮನೆ ಅಂತೆ ಕಣ್ರೀ! ಕೇಳುದ್ರಾ? ಒಳಗೇ ನಲ್ಲಿ!"

"ನೀನೆಲ್ಲಿ?" ಎಂದ ಸಿದ್ದರಾಜು.

"ಅಯ್ಯೋ, ಹನ್ನೆರಡು ಗಂಟೆ ಪಾಳಿ ಅಲ್ವಾ. ಓವರ್‌ಟೈಮ್ ಮಾಡ್ಕೊಂಡು ಕೂತಿರ್ತೀನಿ ಅಲ್ಲೇ. ಮನೆ ಕಟ್ಟಕ್ಕೆ ಮತ್ತೆ ಹೆಂಗೆ?"

ಪ್ರಭುಶಂಕರನ ಮಂಗಳವಾರವೂ ಹೆಚ್ಚುಕಡಿಮೆ ಹಾಗೇ. ಇಂಚರಳಿಗೆ ಸೈಕಲ್ ಇತ್ತು. ಇಬ್ಬರೂ ಊಟಕ್ಕೆ ಕೂತರು, ಇಬ್ಬರೂ ಮಲಗಿದರು.

ಆಮೇಲೆ ಮೂರನೆಯದು. "ಚಿಕ್ಕತಾಯಮ್ಮ ಗೆದ್ದರೆ. ಬೆಳಿಗ್ಗೆ ಐದು. ಸಿಮೆಂಟ್ ಶೀಟಿನ ಮನೆ. ಪದ್ಮಿನಿ ಬೀದಿ ನಲ್ಲಿಯಲ್ಲಿ ಎಂಟು ಬಿಂದಿಗೆ ನೀರು ಹಿಡಿಯುತ್ತಾಳೆ. ಕಾರ್ಖಾನೆಯಲ್ಲಿ ಎರಡು ಲೈನ್ ಮುಚ್ಚಿವೆ; ಪದ್ಮಿನಿ ಹೆಲ್ಪರ್ ಕೆಲಸಕ್ಕಿಳಿದಿದ್ದಾಳೆ. ಸಂಜೆ ಆರೂವರೆ. ಪದ್ಮಿನಿ ದವಾಖಾನೆಯಲ್ಲಿ ಸೂಜಿ ಹಾಕಿಸಿಕೊಳ್ಳುತ್ತಾಳೆ. ಎಂಟು. ಮಗ್ಗಿ ತಪ್ಪಿದ್ದಕ್ಕೆ ಇಂಚರಳನ್ನು ಬಯ್ಯುತ್ತಾಳೆ. ಎಂಟೂವರೆ. ಮೂವರೂ ಊಟಕ್ಕೆ ಕೂರುತ್ತಾರೆ."

ಇಂಚರ ಕಿಸಕ್ಕನೆ ನಕ್ಕಳು. "ಅಲ್ಲೂ ಬಯ್ಯಾದೇಯಾ ಅಮ್ಮ?"

ಹೊರಗೆ ಬಂದ ಮೇಲೆ ಪದ್ಮಿನಿ ಅಕ್ಕನ ಕೈ ಹಿಡಿದುಕೊಂಡಳು. "ಚಿಕ್ಕತಾಯಕ್ಕ ಒಳ್ಳೇವ್ರು, ಇಲ್ಲ ಅನ್ನಲ್ಲ. ಆದ್ರೆ ಇನ್ನೈದು ವರ್ಷ ಆದ್ಮೇಲೂ ಆ ಶೀಟ್ ಕೆಳಗೇ ಬೇಯಬೇಕಾ ಹೇಳು? ನನ್ ಓಟು ಗೌಡ್ರಿಗೇಯ."

ತೇಜಾವತಿ ಹೂಂಗುಟ್ಟಿದಳು. ಆಟೋ ತಿರುವಿನಲ್ಲಿ ಮರೆಯಾಗುವ ತನಕ ಅಲ್ಲೇ ನಿಂತಿದ್ದಳು. ಆಮೇಲೆ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ನಿರ್ವಾಹಕರು ತೆರೆಯಬಾರದ ಪುಟವನ್ನು ತೆರೆದಳು.

ಅಲ್ಲಿ ಎಲ್ಲ ಇತ್ತು. ಹೊಂಬಾಳೇಗೌಡರು ಗೆದ್ದರೆ ನೂರರಲ್ಲಿ ಅರವತ್ತೊಂದು ಸಲ ಪದ್ಮಿನಿ ಇಲ್ಲ. ಪಾಳಿ ಉದ್ದವಾಗುತ್ತದೆ, ಅರ್ಧ ದಿನದ ರಜೆ ನಿಲ್ಲುತ್ತದೆ, ದವಾಖಾನೆ ಐದಕ್ಕೇ ಮುಚ್ಚುತ್ತದೆ, ಸೂಜಿ ಒಂದೊಂದಾಗಿ ತಪ್ಪುತ್ತದೆ. ಇನ್ನೂ ಕೆಳಗೆ ಒಂದು ಸಾಲು ಇತ್ತು. ತಾರಸಿ ಮನೆ ಎಲ್ಲಿಂದ ಬಂತು ಎಂಬುದರ ಕಾರಣ: ಮೃತ ಕಾರ್ಮಿಕಳ ಕುಟುಂಬಕ್ಕೆ ಸಂದ ವಿಮೆ.

ಆ ಸಾಲನ್ನು ಅವಳು ಎಷ್ಟು ಸಲ ಓದಿದಳೋ. ಆಮೇಲೆ ಇಡೀ ಕ್ಷೇತ್ರದ ಪಟ್ಟಿ ತೆಗೆದಳು. ಚಿಕ್ಕತಾಯಮ್ಮ ಗೆದ್ದರೆ ಮಾತ್ರ ಉಳಿಯುವ ಹೆಸರುಗಳು ಇನ್ನೂರ ಹದಿನಾಲ್ಕು. ಗೌಡರು ಗೆದ್ದರೆ ಮಾತ್ರ ಉಳಿಯುವವು ಮೂವತ್ತೊಂದು; ಹೆದ್ದಾರಿ ಪಕ್ಕದಲ್ಲಿ ಅವರು ಅಪಘಾತದ ಆಸ್ಪತ್ರೆ ಕಟ್ಟಿಸುವವರಿದ್ದರು.

*

ಮೇಲ್ವಿಚಾರಕ ಸತ್ಯಪ್ರಕಾಶ ಬೆಂಗಳೂರಿನಿಂದ ಬುಧವಾರ ತಪಾಸಣೆಗೆ ಬಂದ. ಮೆತ್ತಗಿನ ಮನುಷ್ಯ, ಯಾರ ಮೇಲೂ ದನಿ ಎತ್ತಿದವನಲ್ಲ. ತೇಜಾವತಿ ಮುಚ್ಚಿಡದೆ ಹೇಳಿಬಿಟ್ಟಳು. ಅವನು ಕುರ್ಚಿ ಎಳೆದುಕೊಂಡು ಎದುರಿಗೆ ಕೂತ.

"ನೀವು ಆ ಪುಟ ತೆರೆದದ್ದು ತಪ್ಪು. ಅದನ್ನ ನಾನು ವರದಿಯಲ್ಲಿ ಬರೆಯೋದಿಲ್ಲ, ಬಿಡಿ. ಆದರೆ ಹೇಳಬೇಡಿ, ಮೇಡಂ. ಯಾರಿಗೂ ಹೇಳಬೇಡಿ."

"ನನ್ನ ತಂಗಿ ಸಾರ್. ನಾನು ಎತ್ತಿ ಆಡಿಸಿದ ಮಗು."

"ಮೊದಲ ಪ್ರಯೋಗ ಮಾಡಿದಾಗ ಒಂದೂರಲ್ಲಿ ಎಲ್ಲಾನೂ ಹೇಳಿದ್ವಿ. ಒಂದು ಮನೇಲಿ ಅಜ್ಜಿ ಹೆಸರು ಬರಲಿಲ್ಲ. ಹೋಗೋರು ಹೋಗೇ ಹೋಗ್ತಾರಲ್ಲ ಅಂತ ಮನೆಯವರು ಔಷಧಿ ತರೋದೇ ನಿಲ್ಲಿಸಿದರು. ಐದು ವರ್ಷ ಅಲ್ಲ, ಆಕೆ ಐದು ವಾರವೂ ಬದುಕಲಿಲ್ಲ. ತಿಥಿಗೆ ನಾನೇ ಹೋಗಿದ್ದೆ. ಅರವತ್ತೊಂದು ಅಂದರೆ ನೂರಲ್ಲ. ಮೂವತ್ತೊಂಬತ್ತು ಸಲ ಅವರು ಇರ್ತಾರೆ."

"ಈ ಇನ್ನೂರ ಹದಿನಾಲ್ಕು ಮನೆಯೋರು ಒಟ್ಟಿಗೆ ಸೇರಿ ಏನಾದ್ರೂ ಕೇಳಿದ್ರೆ? ಅದನ್ನೂ ಯಂತ್ರ ಲೆಕ್ಕಕ್ಕೆ ತಗೊಂಡಿದೆಯಾ?"

"ಇಲ್ಲ. ಅದು ಒಂದೊಂದು ಮನೆಯನ್ನ ಒಂದೊಂದಾಗಿ ನಡೆಸುತ್ತೆ. ಮನೆಮನೆ ಸೇರಿಸ್ತಾ ಹೋದರೆ ಲೆಕ್ಕ ಮುಗಿಯೋದೇ ಇಲ್ಲ. ಜನ ಓಟು ಹಾಕ್ತಾರೆ, ಮನೆಗೆ ಹೋಗ್ತಾರೆ ಅಂತಲೇ ಇಟ್ಟುಕೊಂಡಿದ್ದೀವಿ."

ಮುಂದಿನ ಭಾನುವಾರ ತೇಜಾವತಿ ತಂಗಿಯ ಮನೆಗೆ ಹೋದಾಗ ಪದ್ಮಿನಿ ಹಿತ್ತಲಲ್ಲಿ ಮಂಚದ ಮೇಲೆ ಹಳೇ ಸೀರೆ ಹಾಸಿ ಅಕ್ಕಿ ಸಂಡಿಗೆ ಇಡುತ್ತಿದ್ದಳು. ಸಿದ್ದರಾಜು ಬಾಡಿಗೆಗೆ ಹೋಗಿದ್ದ. ಇಂಚರ ಪಕ್ಕದ ಮನೆಯಲ್ಲಿ ಆಡುತ್ತಿದ್ದಳು. ತೇಜಾವತಿ ಕೈ ತೊಳೆದು ಇನ್ನೊಂದು ಕಡೆಯಿಂದ ಇಡತೊಡಗಿದಳು. ಎರಡು ಸಾಲು ಮುಗಿದ ಮೇಲೆ ಹೇಳಿದಳು.

"ಪದ್ದಿ, ಅವತ್ತು ನೀನು ಪಾಳಿಗೆ ಹೋಗಿರ್ಲಿಲ್ಲ ಕಣೆ."

"ಯಾವತ್ತು?"

"ಆ ಮಂಗಳವಾರ. ಹೆಸರು ಬರ್ದೇ ಇದ್ರೆ ಅವರು ಮನೇಲಿಲ್ಲ ಅಂತ ಅಲ್ಲ. ಇಲ್ಲ ಅಂತಲೇ."

ಪದ್ಮಿನಿಯ ಚಮಚ ಹಿಟ್ಟಿನ ಪಾತ್ರೆಯೊಳಗೆ ನಿಂತಿತು. ದೂರದಲ್ಲಿ ಯಾರದೋ ಮಿಕ್ಸಿ ತಿರುಗುತ್ತಿತ್ತು. ತೇಜಾವತಿ ತಡವರಿಸುತ್ತ ಸೂಜಿಯ ವಿಷಯ, ಪಾಳಿಯ ವಿಷಯ, ದವಾಖಾನೆಯ ವಿಷಯ ಎಲ್ಲ ಹೇಳಿದಳು. ಮನೆಯ ವಿಷಯ ಮಾತ್ರ ಬಾಯಿಗೆ ಬರಲಿಲ್ಲ.

"ಚಿಕ್ಕತಾಯಕ್ಕ ಗೆದ್ರೆ ಇರ್ತೀನಾ?" ಎಂದು ಕೇಳಿದಳು ಪದ್ಮಿನಿ.

"ಇರ್ತೀಯ. ಮಗೂನ ಬಯ್ಕೊಂಡು ಇರ್ತೀಯ."

ಪದ್ಮಿನಿ ಮತ್ತೆ ಸಂಡಿಗೆ ಇಡತೊಡಗಿದಳು. ಆದರೆ ಮೊದಲಿನ ಹಾಗೆ ದುಂಡಗೆ ಬೀಳಲಿಲ್ಲ. "ನಮ್ಮನೇವ್ರಿಗೆ ಹೇಳ್ಬೇಡಕ್ಕ. ಕುಗ್ಗೋಯ್ತಾರೆ," ಎಂದಳು. ಅಷ್ಟೇ. ಅಳಲಿಲ್ಲ. ಇಂಚರ ಓಡಿ ಬಂದು ಹಸಿ ಸಂಡಿಗೆಗೆ ಬೆರಳಿಟ್ಟಾಗ ಎಂದಿನಂತೆ ಗದರಲೂ ಇಲ್ಲ.

ಒಬ್ಬಳಿಗೆ ಹೇಳಿದ ಮೇಲೆ ಉಳಿದವರಿಗೆ ಹೇಳದೆ ಇರುವುದು ತೇಜಾವತಿಗೆ ಆಗಲಿಲ್ಲ. ಕೊನೆಯ ವಾರದಲ್ಲಿ ಪಟ್ಟಿಯಲ್ಲಿದ್ದ ಮನೆಗಳ ಏಳು ಹೆಂಗಸರು ಕೋಣೆಗೆ ಬಂದರು. ಏಳು ಜನಕ್ಕೂ ಹೇಳಿದಳು. ಮೂವರು ನಂಬಲಿಲ್ಲ. ಒಬ್ಬಳು ಮೂರ್ಛೆ ಹೋದಳು. ಇನ್ನೊಬ್ಬಳು, "ನಿನ್ ನಾಲ್ಗೆ ಬಿದ್ದೋಗ, ನನ್ ಕೂಸು ಇಲ್ಲ ಅಂತೀಯಾ?" ಎಂದು ಮೇಜಿನ ಮೇಲಿದ್ದ ನೀರಿನ ಲೋಟ ತೆಗೆದು ಅವಳ ಮೇಲೆ ಎಸೆದಳು. ಸಂಜೆಯೊಳಗೆ ದೂರು ಹೋಗಿ, ತೇಜಾವತಿಯ ಕೆಲಸ ಹೋಯಿತು. ಮರುದಿನ ಬೆಳಿಗ್ಗೆ ಬೀಗದ ಕೈ ಒಪ್ಪಿಸಿ ಬರುವಾಗ ಸತ್ಯಪ್ರಕಾಶ ಗೇಟಿನ ತನಕ ಜೊತೆಗೆ ಬಂದ.

ಚುನಾವಣೆಯಲ್ಲಿ ಹೊಂಬಾಳೇಗೌಡರು ಹನ್ನೊಂದು ಸಾವಿರ ಓಟಿನಿಂದ ಗೆದ್ದರು. ಚಿಕ್ಕತಾಯಮ್ಮ ಮೂರನೆಯವರಾದರು. ಜನ ಕೆಟ್ಟವರೇನಲ್ಲ. ಎಲ್ಲರೂ ತಮ್ಮ ತಮ್ಮ ಮನೆಯ ಮಂಗಳವಾರ ಕೇಳಿಕೊಂಡು ಬಂದಿದ್ದರು, ಹೆಚ್ಚಿನವರ ಮನೆಯಲ್ಲಿ ಎಲ್ಲರ ಹೆಸರೂ ಇತ್ತು.

*

ಮೊದಲ ವರ್ಷವೇ ಹನ್ನೆರಡು ಗಂಟೆಯ ಪಾಳಿ ಬಂತು, ಬೆಳಿಗ್ಗೆ ಆರರಿಂದ ಸಂಜೆ ಆರರ ತನಕ. ವಾರಕ್ಕೆ ನಾಲ್ಕೇ ದಿನ ಎಂದಿದ್ದರು. ಮೂರು ತಿಂಗಳಲ್ಲಿ ಅದು ಐದಾಯಿತು, ಆಮೇಲೆ ಆರು; ಭಾನುವಾರ ಮಾತ್ರ ರಜೆ. ಅರ್ಧ ದಿನದ ರಜೆ ನಿಂತಿತು. ಭಾನುವಾರ ದವಾಖಾನೆಗೆ ಬೀಗ. ಊರಿನ ಬೇರೆ ಡಾಕ್ಟರುಗಳು ಪೆನ್ಸಿಲಿನ್ ಎಂದರೆ ಕೈ ಅಲ್ಲಾಡಿಸಿಬಿಡುತ್ತಿದ್ದರು. ಒಗ್ಗದೆ ಯಾರಾದರೂ ಬಿದ್ದುಹೋದರೆ ಯಾರಿಗೆ ಬೇಕು?

ತೇಜಾವತಿ ಊರೂರು ಹುಡುಕಿದಳು. ಕೊನೆಗೆ ಒಂಬತ್ತು ಮೈಲಿ ಆಚೆ, ಕೆಲಸದಿಂದ ನಿವೃತ್ತರಾಗಿದ್ದ ಎಲಿಜಬೆತ್ ಎಂಬ ನರ್ಸಮ್ಮ ಸಿಕ್ಕಿದರು. ಆಕೆ ಮೊದಲು ಒಂದು ತೊಟ್ಟು ಚುಚ್ಚಿ, ಅರ್ಧ ಗಂಟೆ ಎದುರಿಗೆ ಕೂರಿಸಿಕೊಂಡು ನೋಡಿ, ಆಮೇಲೆ ಪೂರ್ತಿ ಸೂಜಿ ಹಾಕುತ್ತಿದ್ದರು. ತೇಜಾವತಿ ಟೈಲರಿಂಗ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ, ಹಳೇ ಸ್ಕೂಟರ್ ಕೊಂಡಳು. ಇಪ್ಪತ್ತೊಂದು ದಿನಕ್ಕೆ ಸರಿಯಾಗಿ ಬರುವ ಭಾನುವಾರ ಬೆಳಿಗ್ಗೆ ಅಕ್ಕ ತಂಗಿ ಹೊರಡುವರು. ಹೋಗುವಾಗ ಹರಟೆ; ಬರುವಾಗ ಪದ್ಮಿನಿಗೆ ಕೂರಲು ನೋವು, ಒಂದು ಪಕ್ಕಕ್ಕೆ ವಾಲಿಕೊಂಡು ಅಕ್ಕನ ಬೆನ್ನಿಗೆ ಮುಖ ಆನಿಸುವಳು. ದಾರಿಯಲ್ಲಿ ಕಬ್ಬಿನ ಹಾಲು ಕುಡಿಯುವರು. ಒಂದು ವರ್ಷ ಕಳೆಯಿತು, ಎರಡು ಕಳೆಯಿತು. ಮೂರನೇ ವರ್ಷ ಮೈಸೂರಿನ ಡಾಕ್ಟರು ಎದೆಗೆ ಯಂತ್ರ ಹಿಡಿದು ನೋಡಿ, ಕವಾಟ ಇದ್ದ ಹಾಗೇ ಇದೆ ಎಂದರು.

"ನಿನ್ ಪೆಟ್ಟಿಗೆಗೆ ಮಣ್ಣು ಮುಕ್ಕುಸುದ್ವಿ ನೋಡು," ಎಂದು ಪದ್ಮಿನಿ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಜೋರಾಗಿ ನಕ್ಕಳು. ತೇಜಾವತಿಗೆ ಬದುಕಿನಲ್ಲಿ ಅಷ್ಟು ಹಗುರವಾದ ದಿನ ಇನ್ನೊಂದಿರಲಿಲ್ಲ.

ನಾಲ್ಕನೇ ವರ್ಷ ಪೇಟೆಯಲ್ಲಿ ಆ ಔಷಧಿಯೇ ಇಲ್ಲವಾಯಿತು. ಅಗ್ಗದ ಔಷಧಿ, ಮಾಡುವವರಿಗೆ ಗಿಟ್ಟುವುದಿಲ್ಲ, ಮಾಡುವವರೇ ಕಡಿಮೆ. ಮಂಡ್ಯ ನೋಡಿದಳು, ಮೈಸೂರು ನೋಡಿದಳು, ಬೆಂಗಳೂರಿನಲ್ಲಿ ಎರಡು ದಿನ ಅಂಗಡಿ ಅಂಗಡಿ ಅಲೆದಳು. ಕಾರ್ಮಿಕರ ದವಾಖಾನೆಯಲ್ಲಿ ಮಾತ್ರ ಸ್ವಲ್ಪ ದಾಸ್ತಾನು ಇತ್ತು. ಆದರೆ ಹೊರಗೆ ಕೊಡುವ ಹಾಗಿಲ್ಲ. ರೋಗಿಯೇ ಬರಬೇಕು, ಒಂಬತ್ತರಿಂದ ಐದರೊಳಗೆ. ಪದ್ಮಿನಿ ಒಂದು ದಿನ ಹೇಳದೆ ರಜೆ ಹಾಕಿ ಹೋದಳು. ಡಾಕ್ಟರು ರಜೆಯಲ್ಲಿದ್ದರು. ಇನ್ನೊಂದು ದಿನ ರಜೆ ಕೇಳಿದ್ದಕ್ಕೆ ಸೂಪರ್‌ವೈಸರ್, ಹೋದರೆ ಮತ್ತೆ ಕೆಲಸಕ್ಕೆ ಬರುವುದೇ ಬೇಡ ಎಂದ.

ಅದೇ ಹೊತ್ತಿಗೆ ತೇಜಾವತಿ ಚಿಕ್ಕತಾಯಮ್ಮನ ಬಳಿ ಹೋದಳು. ಸೋತ ಮೇಲೆ ಆಕೆ ಕಾರ್ಖಾನೆಯ ಗೇಟಿನೆದುರು ಟೀ ಅಂಗಡಿ ಇಟ್ಟುಕೊಂಡಿದ್ದರು. ಟೀ ಸೋಸುತ್ತಲೇ ಎಲ್ಲ ಕೇಳಿದರು.

"ಎಷ್ಟು ಜನ ಅವ್ರೆ, ಇಂಗೆ ಸಂಜೆ ದವಾಖಾನೆ ಬೇಕು ಅನ್ನೋರು?"

"ಆಗ ಇನ್ನೂರ ಹದಿನಾಲ್ಕು ಇದ್ರಕ್ಕ. ಈಗ ಎಷ್ಟು ಉಳ್ದವ್ರೋ."

"ಗೆಲ್ದೇ ಇದ್ರೆ ಏನಾಯ್ತು, ಕೇಳಕ್ಕೇನು ಅಡ್ಡಿ? ಒಂದು ನೋಟ್‌ಬುಕ್ ತಗೊಂಬಾ. ಹೆಸ್ರು ಬರ್ಸಾನ."

ಅವತ್ತು ಸಂಜೆ ಪಾಳಿ ಬಿಟ್ಟಾಗ ಮೊದಲ ಹೆಸರು ಪದ್ಮಿನಿಯದೇ. ಗೇಟಿನ ದೀಪದ ಕೆಳಗೆ ನೋಟ್‌ಬುಕ್ಕನ್ನು ಅಕ್ಕನ ಬೆನ್ನಿಗಿಟ್ಟು ಬರೆದಳು. ಹತ್ತು ದಿನದಲ್ಲಿ ಹೆಸರು ಮುನ್ನೂರು ದಾಟಿದವು. ಸಕ್ಕರೆ ಕಾಯಿಲೆಯವರು, ಬಸುರಿಯರು, ಕ್ಷಯದ ಮಾತ್ರೆ ನುಂಗುವವರು. ಅರ್ಜಿ ಕೊಟ್ಟರು. ಉತ್ತರ ಬರಲಿಲ್ಲ. ಮತ್ತೆ ಕೊಟ್ಟರು.

ಅಷ್ಟರಲ್ಲಿ ನಾಲ್ಕು ಸೂಜಿ ತಪ್ಪಿದ್ದವು. ಶಿವರಾತ್ರಿಯ ಮರುವಾರ ಪದ್ಮಿನಿಗೆ ಗಂಟಲು ನೋವು ಬಂತು. ಆಮೇಲೆ ಮಂಡಿ ಊದಿತು, ಆಮೇಲೆ ಪಾದ. ಸಂಡಿಗೆ ಇಟ್ಟ ಅದೇ ಮಂಚದ ಮೇಲೆ ಅವಳು ಮಲಗಲಾರದೆ ದಿಂಬಿಗೊರಗಿ ಕೂತೇ ಉಸಿರಾಡುವುದನ್ನು ನೋಡಿ ಸಿದ್ದರಾಜು ಆಟೋ ಹತ್ತಿಸಿಕೊಂಡು ಮೈಸೂರಿಗೆ ಹೊರಟ. ಕವಾಟ ಈ ಸಲ ಪೂರ್ತಿ ಕೆಟ್ಟಿತ್ತು. ಬದಲಾಯಿಸಬೇಕು, ಅದಕ್ಕೆ ಮೊದಲು ಜ್ವರ ಇಳಿಯಬೇಕು ಎಂದರು. ಜ್ವರ ಇಳಿಯಲಿಲ್ಲ.

ಒಂಬತ್ತನೇ ದಿನ ಮಧ್ಯಾಹ್ನ ಸಿದ್ದರಾಜು ಇಂಚರಳನ್ನು ಊಟಕ್ಕೆ ಕರೆದುಕೊಂಡು ಹೋಗಿದ್ದ. ಪದ್ಮಿನಿ ಮೂಗಿನ ಕೊಳವೆ ಸರಿಸಿಕೊಂಡು, ಒಂದೊಂದೇ ಮಾತು ಜೋಡಿಸಿ ಹೇಳಿದಳು.

"ಅಕ್ಕ, ಆ ತಾರ್ಸಿ ಮನೆ ಎಲ್ಲಿಂದ ಬಂತು ಅಂತ... ನಂಗೆ ಅವತ್ತೇ ಗೊತ್ತಾಯ್ತು ಕಣೆ. ಸಂಡ್ಗೆ ಇಡಾವಾಗ್ಲೇಯ."

ತೇಜಾವತಿ ಅವಳ ಬಾಯಿ ಮೇಲೆ ಕೈ ಇಟ್ಟಳು. ಪದ್ಮಿನಿ ಆ ಕೈ ತೆಗೆದಳು.

"ನಾನ್ ಹೋದ್ರೆ ಮಗೂಗೆ ಮನೆ, ಇಂಗ್ಲಿಷ್ ಸ್ಕೂಲು. ನಾನಿದ್ರೆ ಶೀಟು. ಅಷ್ಟು ಗೊತ್ತಿದ್ದೂ ಓಟು ಚಿಕ್ಕತಾಯಕ್ಕಂಗೇ ಹಾಕ್ಬುಟ್ಟೆ. ಒತ್ತೋ ಹೊತ್ನಲ್ಲಿ ನಂಗೆ ಬದುಕ್ಬೇಕು ಅನ್ನುಸ್ಬುಡ್ತು. ಮಗಳ ಮನೆ ಕಿತ್ಕೊಂಡಂಗಾಯ್ತಾ ಅಂತ ನಾಲ್ಕು ವರ್ಷದಿಂದ ಕೊರಿತಾ ಅದೆ ಅಕ್ಕ. ತಪ್ಪಾಯ್ತಾ?"

"ಇಲ್ಲ ಕಣೆ, ನನ್ನ ತಾಯಿ. ಇಲ್ಲ."

"ತಪ್ಪಲ್ಲ ತಾನೇ?"

"ಅಲ್ಲ. ಅಲ್ಲವೇ ಅಲ್ಲ."

ತಾನು ಹೇಳದೆ ಇದ್ದಿದ್ದರೆ ತಂಗಿ ನಾಲ್ಕು ವರ್ಷ ಹೀಗೆ ಕೊರಗುತ್ತಿರಲಿಲ್ಲವಲ್ಲ ಎಂಬುದು ಆಗಲೇ ತೇಜಾವತಿಗೆ ಹೊಳೆದದ್ದು. ಹೇಳದಿದ್ದರೆ ಸ್ಕೂಟರಿನ ಆ ಭಾನುವಾರಗಳೂ ಇರುತ್ತಿರಲಿಲ್ಲವೇನೋ. ಯಾವುದು ಸರಿ ಎಂದು ತಿಳಿಯದೆ ತಂಗಿಯ ಊದಿದ ಪಾದಗಳನ್ನು ಸುಮ್ಮನೆ ಒತ್ತುತ್ತ ಕೂತಳು. ಅದಾದ ಮೂರನೇ ದಿನ ಬೆಳಿಗ್ಗೆ, ಇಂಚರ ಎದ್ದು ಬರುವುದರೊಳಗೆ, ಪದ್ಮಿನಿ ತೀರಿಕೊಂಡಳು.

*

ವಿಮೆಯ ಹಣ ಬಂತು. ಸಿದ್ದರಾಜು ಮನೆ ಕಟ್ಟಿಸಿದ್ದು ಎಷ್ಟೋ ತಿಂಗಳು ಆದ ಮೇಲೆ. ಆಗಲೂ ಮನಸ್ಸಿಟ್ಟು ಏನೂ ಮಾಡಲಿಲ್ಲ. ಬಾಗಿಲಿಗೆ ಯಾವ ಬಣ್ಣ ಎಂದು ಬಡಗಿ ಕೇಳಿದರೆ, ಯಾವುದಾದರೂ ಹಾಕಪ್ಪ ಎಂದ. ಕಟ್ಟದೆ ಇನ್ನೇನು ಮಾಡಬೇಕಿತ್ತು? ಹೆಣ್ಣುಮಗು ಬೆಳೆಯುತ್ತಿತ್ತು.

ಆದರೆ ಅದಕ್ಕೆ ಬಹಳ ಮುಂಚೆ, ಪದ್ಮಿನಿಯ ತಿಥಿ ಮುಗಿದ ಮಾರನೇ ದಿನ, ಬೇರೊಂದು ಸಂಗತಿ ನಡೆಯಿತು. ಸಂಜೆ ಪಾಳಿ ಬಿಟ್ಟಾಗ ಹೆಂಗಸರು ವ್ಯಾನ್ ಹತ್ತಲಿಲ್ಲ. ಯಾರು ಹೇಳಿದರು, ಯಾರು ಮೊದಲು ನಿಂತರು ಎಂದು ಕೇಳಿದರೆ ಇವತ್ತಿಗೂ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಒಂದೂಕಾಲು ಸಾವಿರ ಹೆಂಗಸರು ಡಬ್ಬಿ ಚೀಲ ಹಿಡಿದುಕೊಂಡು ನಡೆದೇ ಹೋಗಿ ದವಾಖಾನೆಯ ಮುಚ್ಚಿದ ಬಾಗಿಲ ಮುಂದೆ, ಮೆಟ್ಟಿಲ ಮೇಲೆ, ರಸ್ತೆಯ ಮೇಲೆ ಕೂತರು. ಘೋಷಣೆ ಕೂಗಲಿಲ್ಲ. ಮರುದಿನ ಸಂಜೆಯೂ ಬಂದು ಕೂತರು. ಆರನೇ ಸಂಜೆ ಬೆಂಗಳೂರಿನಿಂದ ಕಾರುಗಳು ಬಂದವು. ಹೊಂಬಾಳೇಗೌಡರೂ ಬಂದು, ನಾನು ಮೊದಲಿಂದಲೂ ಇದರ ಪರವೇ ಎಂದರು. ಇಪ್ಪತ್ತು ದಿನದೊಳಗೆ ಆದೇಶ ಬಂತು: ದವಾಖಾನೆ ಸಂಜೆ ಆರರಿಂದ ಎಂಟರ ತನಕ ತೆರೆದಿರತಕ್ಕದ್ದು.

ಮೊದಲ ಸಂಜೆ ಸಾಲು ಗೇಟಿನಾಚೆ ತನಕ ಇತ್ತು. ತೇಜಾವತಿ ಬೆಂಚಿನ ತುದಿಯಲ್ಲಿ ಕೂತಿದ್ದಳು. ಅವಳಿಗೆ ಅಲ್ಲಿ ಕೆಲಸವಿರಲಿಲ್ಲ. ಚಿಕ್ಕತಾಯಮ್ಮ, ಬಾ ಸುಮ್ನೆ ಎಂದು ಕೈ ಹಿಡಿದು ಕರೆತಂದಿದ್ದರು. ಹೊಸದಾಗಿ ಬಂದ ನರ್ಸು ಅರ್ಜಿಯ ಜೊತೆ ಸಲ್ಲಿಸಿದ್ದ ಪಟ್ಟಿಯನ್ನೇ ಎದುರಿಗಿಟ್ಟುಕೊಂಡು, ಅದರ ಕ್ರಮದಲ್ಲೇ ಕರೆಯತೊಡಗಿದಳು.

"ಪದ್ಮಿನಿ ಕೋಂ ಸಿದ್ದರಾಜು."

ನರ್ಸು ತಲೆ ಎತ್ತದೆ ಇನ್ನೊಮ್ಮೆ ಕರೆದಳು. ಹೆಂಗಸರೆಲ್ಲ ತೇಜಾವತಿಯ ಕಡೆ ತಿರುಗಿದರು.

"ಅವಳು ತೀರ್ಕೊಂಡಳು," ಎಂದಳು ತೇಜಾವತಿ. ದನಿ ಅವಳು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ಮುಂದಿನ ಹೆಸರು ಕರೀರಿ."

ನರ್ಸು ಪೆನ್ನಿನಿಂದ ಒಂದು ಗೆರೆ ಎಳೆದು, ಮುಂದಿನ ಹೆಸರು ಕರೆದಳು. ಹತ್ತೊಂಬತ್ತು ವರ್ಷದ ಸಣಕಲು ಹುಡುಗಿಯೊಬ್ಬಳು ಸಾಲಿನಿಂದ ಹೊರಗೆ ಬಂದಳು. ಅವಳದೂ ಇಪ್ಪತ್ತೊಂದು ದಿನದ ಸೂಜಿಯೇ. ಪರದೆಯ ಹತ್ತಿರ ಹೋದವಳು ಹೆದರಿ ನಿಂತು, ತೇಜಾವತಿಯ ಮುಖ ನೋಡಿದಳು.

"ಅಕ್ಕ, ಬಾಳ ನೋಯ್ತದಾ?"

"ನೋಯ್ತದೆ," ಎಂದು ತೇಜಾವತಿ ಎದ್ದಳು. "ಬಾ, ನನ್ ಕೈ ಗಟ್ಟಿಯಾಗಿ ಹಿಡ್ಕೋ."